ಓದುಗರ ಪ್ರಶ್ನೆ, ನಮ್ಮ ಉತ್ತರ: ಯುರೋಪಿನ ಹಳ್ಳಿಗಾಡಿನ ಕೋಟೆಗಳು

ಪ್ರಶ್ನೆ: ಯುರೋಪಿನ ಕೋಟೆಯೆಂದ ಕೂಡಲೇ ಎಲ್ಲೆಡೆಯೂ ಬವೇರಿಯಾದ ನೊಯ್‌ಶ್ವಾನ್‌ಸ್ಟೈನ್‌ನ ಚಿತ್ರವೇ ಕಾಣುತ್ತದೆ. ಜನಜಂಗುಳಿಯಿಲ್ಲದ, ಹಳ್ಳಿಗಾಡಿನ ನಡುವಿನ ಹಳೆಯ ಕೋಟೆಗಳನ್ನು ನೋಡಬೇಕೆಂಬ ಆಸೆ ನನ್ನದು. ಹತ್ತು ದಿನಗಳ ಬಿಡುವಿದೆ. ಎಲ್ಲಿಂದ ಆರಂಭಿಸಲಿ?

ಉತ್ತರ: ಮೊದಲು ಪದದ ಗೊಂದಲವೊಂದನ್ನು ಬಿಡಿಸಿಕೊಳ್ಳೋಣ. ನೊಯ್‌ಶ್ವಾನ್‌ಸ್ಟೈನ್ ನಿಜವಾದ ಅರ್ಥದಲ್ಲಿ ಕೋಟೆಯೇ ಅಲ್ಲ. ಕೋಟೆಗಳ ಕಾಲ ಮುಗಿದು ಶತಮಾನಗಳಾದ ಮೇಲೆ, 1869ರಲ್ಲಿ, ದೊರೆ ಎರಡನೆಯ ಲುಡ್ವಿಗ್ ಕಟ್ಟಿಸತೊಡಗಿದ ಅರಮನೆ. ರಕ್ಷಣೆಗಾಗಿ ಕಟ್ಟಿದ್ದನ್ನು ಜರ್ಮನ್ನರು ‘ಬುರ್ಗ್’ ಎಂದೂ ವಾಸದ ವೈಭವಕ್ಕಾಗಿ ಕಟ್ಟಿದ್ದನ್ನು ‘ಶ್ಲಾಸ್’ ಎಂದೂ ಕರೆಯುತ್ತಾರೆ. ಚೆಕ್ ಭಾಷೆಯಲ್ಲಿ ಇದೇ ಭೇದಕ್ಕೆ ‘ಹ್ರಾದ್’ ಮತ್ತು ‘ಜಾಮೆಕ್’ ಎಂಬ ಪದಗಳಿವೆ. ಫ್ರೆಂಚರ ‘ಶಾತೊ’ ಮಾತ್ರ ಎರಡನ್ನೂ ನುಂಗಿಕೊಂಡಿದೆ. ದ್ರಾಕ್ಷಿ ತೋಟದ ಯಜಮಾನನ ಮನೆಗೂ ಅದೇ ಹೆಸರು. ಆದ್ದರಿಂದ ಫ್ರಾನ್ಸಿನಲ್ಲಿ, ರಕ್ಷಣೆಯ ಕೋಟೆ ಎಂಬ ಅರ್ಥದ ‘ಶಾತೊ ಫೋರ್’ ಎಂಬ ಮಾತನ್ನು ಹುಡುಕಬೇಕು. ಭೂಪಟದಲ್ಲಿ ಹೆಸರು ನೋಡುವಾಗ ಇಷ್ಟು ತಿಳಿದಿದ್ದರೆ ಅರ್ಧ ಆಯ್ಕೆ ಮುಗಿದಂತೆಯೇ.

ಹತ್ತು ದಿನಗಳಲ್ಲಿ ಐದು ದೇಶ ಸುತ್ತುವ ಯೋಚನೆಯಿದ್ದರೆ ದಯವಿಟ್ಟು ಕೈಬಿಡಿ. ಕೋಟೆಯೊಂದು ಆ ಜಾಗದಲ್ಲೇ ಏಕೆ ನಿಂತಿದೆ ಎಂಬುದು ಸುತ್ತಲಿನ ನದಿ, ದಾರಿ, ನೆರೆಯ ಕೋಟೆ ಇವುಗಳನ್ನು ಕಂಡ ಮೇಲೆಯೇ ಅರ್ಥವಾಗುವುದು. ಜರ್ಮನಿಯ ಮೋಸೆಲ್ ನದಿಯ ಕಣಿವೆಯನ್ನೂ ಅದರ ಉತ್ತರದ ಐಫೆಲ್ ಗುಡ್ಡಗಳನ್ನೂ ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಅಲ್ಲಿನ ಎಲ್ಟ್ಸ್ ಕೋಟೆ ತೀರಾ ಅಪರಿಚಿತವೇನಲ್ಲ, ಹಿಂದೆ 500 ಮಾರ್ಕ್ ನೋಟಿನ ಮೇಲೆ ಅದರ ಚಿತ್ರವೇ ಇತ್ತು. ಆದರೂ ಮೋಸೆಲ್‌ಕೆರ್ನ್ ರೈಲು ನಿಲ್ದಾಣದಲ್ಲಿ ಇಳಿದು ತೊರೆಯ ಪಕ್ಕದ ಕಾಡುದಾರಿಯಲ್ಲಿ ಸುಮಾರು ಒಂದೂವರೆ ಗಂಟೆ ನಡೆದು ಬರುವವರಿಗೆ ಅದು ಮರಗಳ ನಡುವಿನಿಂದ ಥಟ್ಟನೆ ಎದುರಾಗುವ ಬಗೆಯೇ ಬೇರೆ. ಹನ್ನೆರಡನೆಯ ಶತಮಾನದಿಂದ ಒಂದೇ ಮನೆತನದ ಕೈಯಲ್ಲಿರುವ ಈ ಕೋಟೆಯೊಳಗೆ, ಆ ಮನೆತನದ ಮೂರು ಕವಲುಗಳು ಒಂದೇ ಅಂಗಳದ ಸುತ್ತ ಬೇರೆ ಬೇರೆ ಮನೆ ಕಟ್ಟಿಕೊಂಡು ಬಾಳಿದವು. ಗೋಪುರಗಳು ಒತ್ತೊತ್ತಾಗಿ ನಿಂತಿರುವುದಕ್ಕೆ ಆ ಪಾಲುದಾರಿಕೆಯೇ ಕಾರಣ. ಎದುರಿನ ಇಳಿಜಾರಿನಲ್ಲಿರುವ ಪಾಳುಗೋಡೆಯನ್ನು ಬಹುಪಾಲು ಪ್ರವಾಸಿಗರು ಗಮನಿಸುವುದೇ ಇಲ್ಲ. 1331ರಿಂದ 1336ರವರೆಗೆ ನಡೆದ ಕಲಹದಲ್ಲಿ ಟ್ರಿಯರ್‌ನ ಆರ್ಚ್‌ಬಿಷಪ್ ಬಾಲ್ಡುಯಿನ್, ಎಲ್ಟ್ಸ್ ಕೋಟೆಯನ್ನು ಮಣಿಸಲೆಂದೇ ಕಟ್ಟಿಸಿದ ಮುತ್ತಿಗೆಯ ಕೋಟೆ ಅದು. ಮಣಿಸಬಂದದ್ದು ಪಾಳುಬಿದ್ದಿದೆ, ಮಣಿಯಬೇಕಾದದ್ದು ಇಂದಿಗೂ ನಿಂತಿದೆ.

ಅಲ್ಲಿಂದ ಹೆಚ್ಚು ದೂರವಿಲ್ಲದ ಮಾಯೆನ್ ಊರಿನ ಬಳಿ ಬ್ಯೂರೆಸ್‌ಹೈಮ್ ಇದೆ. ಹೆಸರಿನ ಮುಂದೆ ‘ಶ್ಲಾಸ್’ ಎಂದಿದ್ದರೂ ಹನ್ನೆರಡನೆಯ ಶತಮಾನದ ಕೋಟೆಯೇ ಅದರ ಬೇರು. ಯಾವ ಯುದ್ಧದಲ್ಲೂ ನಾಶವಾಗದ ಕಾರಣ ಒಳಗಿನ ಪೀಠೋಪಕರಣಗಳೂ ಭಾವಚಿತ್ರಗಳೂ ಉಳಿದಿವೆ, ಎಲ್ಟ್ಸ್‌ನ ಗದ್ದಲವೂ ಅಲ್ಲಿಲ್ಲ.

ಪ್ರಶ್ನೆ: ದಕ್ಷಿಣ ಫ್ರಾನ್ಸಿನ ‘ಕ್ಯಾಥರ್ ಕೋಟೆ’ಗಳ ಬಗ್ಗೆ ಓದಿದ್ದೇನೆ. ಅವು ನಿಜಕ್ಕೂ ಕ್ಯಾಥರರು ಕಟ್ಟಿದವೇ? ಪಾಳುಗೋಡೆ ನೋಡಲು ಅಷ್ಟು ದೂರ ಹೋಗುವುದು ಸಾರ್ಥಕವೇ?

ಉತ್ತರ: ಆ ಹೆಸರು ಪ್ರವಾಸೋದ್ಯಮಕ್ಕೆ ಒಗ್ಗಿದಷ್ಟು ಇತಿಹಾಸಕ್ಕೆ ಒಗ್ಗುವುದಿಲ್ಲ. ಚರ್ಚು ಪಾಷಂಡಿಗಳೆಂದು ಸಾರಿದ ಕ್ರೈಸ್ತ ಪಂಥದವರಾದ ಕ್ಯಾಥರರು ಈ ಸೀಮೆಯ ಕೋಟೆಗಳಲ್ಲಿ ಆಶ್ರಯ ಪಡೆದದ್ದು ನಿಜ. 1244ರ ಮಾರ್ಚಿನಲ್ಲಿ ಮೊಂಸೆಗೂರ್ ಕೋಟೆ ಶರಣಾದಾಗ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಬೆಂಕಿಗೆ ಆಹುತಿ ಕೊಟ್ಟದ್ದೂ ನಿಜ. ಆದರೆ ಇಂದು ಅಲ್ಲಿ ಕಾಣುವ ಗೋಡೆಗಳು ಆ ದುರಂತದ ನಂತರ ಕಟ್ಟಿದವು. ಪೇರ್‌ಪೆರ್ತ್ಯೂಸ್ ಮತ್ತು ಕೆರಿಬ್ಯೂಸ್ ಕೋಟೆಗಳ ಕಥೆಯೂ ಇಂಥದ್ದೇ. 1258ರ ಕೋರ್ಬೇ ಒಪ್ಪಂದದಲ್ಲಿ ಫ್ರಾನ್ಸ್ ಮತ್ತು ಇಂದಿನ ಸ್ಪೇನಿನಲ್ಲಿದ್ದ ಅರಗಾನ್ ರಾಜ್ಯದ ನಡುವಿನ ಗಡಿ ಈ ಗುಡ್ಡಗಳ ಹತ್ತಿರ ನಿಂತಿತು. ಫ್ರೆಂಚ್ ದೊರೆಗಳು ಅವನ್ನು ಗಡಿಕಾವಲಿಗಾಗಿ ಬಲಪಡಿಸಿದರು. 1659ರ ಪಿರೆನೀಸ್ ಒಪ್ಪಂದದಿಂದ ಗಡಿ ದಕ್ಷಿಣಕ್ಕೆ ಸರಿದ ಮೇಲೆ ಅವು ಕೆಲಸವಿಲ್ಲದೆ ಉಳಿದುಹೋದವು.

ಸಾರ್ಥಕವೇ ಎಂದರೆ, ಇಡೀ ಪಟ್ಟಿಯಲ್ಲಿ ನನಗೆ ಅತಿ ಪ್ರಿಯವಾದವು ಇವೇ. ಸುಮಾರು 800 ಮೀಟರ್ ಎತ್ತರದ ಸುಣ್ಣಕಲ್ಲಿನ ಏಣಿನ ಮೇಲೆ ಪೇರ್‌ಪೆರ್ತ್ಯೂಸ್ ಉದ್ದಕ್ಕೆ ಹಬ್ಬಿದೆ. ಬಂಡೆ ಎಲ್ಲಿ ಮುಗಿದು ಗೋಡೆ ಎಲ್ಲಿ ಆರಂಭವಾಯಿತೆಂದು ಕೆಳಗಿನಿಂದ ಗುರುತಿಸಲಾಗದು. ಗೋಡೆ ಬಿದ್ದಿರುವಲ್ಲಿ ಅದರ ದಪ್ಪ, ತೊಲೆ ಕೂರಿಸಿದ ಗೂಡು, ಮಳೆನೀರಿನ ತೊಟ್ಟಿ ಎಲ್ಲವೂ ಬಯಲಾಗಿರುವುದರಿಂದ, ಹೊಳಪು ಕೊಟ್ಟ ಕೋಟೆಗಿಂತ ಪಾಳುಕೋಟೆಯೇ ಹೆಚ್ಚು ಕಲಿಸುತ್ತದೆ. ರೈನ್ ತೀರದ ಸ್ಟೋಲ್ಸೆನ್‌ಫೆಲ್ಸ್‌ನಂಥ ಎಷ್ಟೋ ‘ಮಧ್ಯಯುಗದ’ ಕೋಟೆಗಳು ಹಳೆಯ ಪಾಳಿನ ಮೇಲೆ ಹತ್ತೊಂಬತ್ತನೆಯ ಶತಮಾನದ ಪ್ರಷ್ಯಾದ ರಾಜಮನೆತನ ಕಟ್ಟಿಸಿದವು ಎಂಬುದನ್ನೂ ನೆನಪಿಡಿ. ಕಾರಿಲ್ಲದೆ ಈ ಭಾಗದಲ್ಲಿ ತಿರುಗಾಡುವುದು ಕಷ್ಟ. ಗುಡುಗು ಸಿಡಿಲು, ಬಿರುಗಾಳಿಯಿದ್ದರೆ ಪೇರ್‌ಪೆರ್ತ್ಯೂಸ್‌ನ ಬಾಗಿಲು ಮುಚ್ಚುತ್ತಾರೆ. ಹಿಡಿತವಿರುವ ಬೂಟುಗಳಿಲ್ಲದೆ ಹತ್ತಬೇಡಿ.

ಪ್ರಶ್ನೆ: ಚಳಿಗಾಲದಲ್ಲಿ ಜನ ಕಡಿಮೆಯೆಂದು ಜನವರಿಯಲ್ಲಿ ಹೊರಡುವ ಯೋಚನೆಯಿದೆ. ಸರಿಯೇ?

ಉತ್ತರ: ಸರಿಯಲ್ಲ. ಹಳ್ಳಿಗಾಡಿನ ಬಹಳಷ್ಟು ಕೋಟೆಗಳು ಆಗ ಮುಚ್ಚಿರುತ್ತವೆ. ಎಲ್ಟ್ಸ್ ಕೋಟೆಯ ಋತುವೇ ಏಪ್ರಿಲ್‌ನಿಂದ ನವೆಂಬರ್ ಆರಂಭದವರೆಗೆ. ಚೆಕ್ ನಾಡಿನಲ್ಲಿ ಋತುವಿನಲ್ಲೂ ಸೋಮವಾರ ಸಾಮಾನ್ಯವಾಗಿ ರಜೆ. ಸೆಪ್ಟೆಂಬರ್ ಎಲ್ಲಕ್ಕಿಂತ ಉತ್ತಮ. ಬಿಸಿಲು ಇಳಿದಿರುತ್ತದೆ, ಶಾಲೆಗಳು ಆರಂಭವಾಗಿರುತ್ತವೆ. ಅಲ್ಲದೆ ಆ ಹೊತ್ತಿಗೆ ನಡೆಯುವ ಯುರೋಪಿನ ಪರಂಪರೆ ದಿನಗಳಲ್ಲಿ, ವರ್ಷವಿಡೀ ಮುಚ್ಚಿರುವ ಖಾಸಗಿ ಕೋಟೆಗಳ ಬಾಗಿಲೂ ಕೆಲವೆಡೆ ತೆರೆಯುತ್ತದೆ.

ಪ್ರಶ್ನೆ: ಕೋಟೆಯಲ್ಲೇ ರಾತ್ರಿ ತಂಗಲು ಸಾಧ್ಯವೇ? ಅದು ಸಿರಿವಂತರಿಗೆ ಮಾತ್ರವೇ?

ಉತ್ತರ: ಸಾಧ್ಯ, ಸಿರಿವಂತರಾಗಬೇಕಿಲ್ಲ. ರೈನ್ ತೀರದ ಬಾಖರಾಖ್ ಊರಿನ ಮೇಲಿರುವ ಸ್ಟಾಲೆಕ್ ಕೋಟೆ ಇಂದು ಯೂತ್ ಹಾಸ್ಟೆಲ್. ತುಸು ಹೆಚ್ಚು ಖರ್ಚು ಮಾಡಬಲ್ಲವರು ಸ್ಪೇನಿನ ‘ಪರಾದೋರ್’ಗಳನ್ನು ನೋಡಬಹುದು. 1928ರಲ್ಲಿ ಆರಂಭವಾದ ಈ ಸರ್ಕಾರಿ ಹೋಟೆಲ್‌ಗಳಲ್ಲಿ ಕೆಲವು ಕೋಟೆಗಳಲ್ಲೇ ಇವೆ. ಅವುಗಳಲ್ಲಿ ಹೂಕಾರ್ ನದಿಯ ತಿರುವಿನಲ್ಲಿರುವ ಅಲಾರ್ಕೋನ್ ಚಿಕ್ಕದು, ಊರೂ ಪುಟ್ಟದು. ಹಗಲು ಬಂದವರೆಲ್ಲ ಸಂಜೆ ಹಿಂದಿರುಗಿದ ಮೇಲೆ ಅದರ ಸೊಗಸು.

ಪ್ರಶ್ನೆ: ಹತ್ತು ವರ್ಷದ ಮಗನಿಗೆ ಅರಮನೆಗಳೆಂದರೆ ಬೇಸರ. ಅವನಿಗೆ ಹಿಡಿಸುವ ಕೋಟೆಯೊಂದನ್ನು ಹೇಳಿ.

ಉತ್ತರ: ವೇಲ್ಸಿನ ಕಾರೆಗ್ ಕೆನೆನ್. ಕಡಿದಾದ ಸುಣ್ಣಕಲ್ಲಿನ ಬಂಡೆಯ ನೆತ್ತಿಯ ಮೇಲಿರುವ ಈ ಕೋಟೆಯನ್ನು, ಮತ್ತೆ ಯಾರೂ ಬಳಸದಂತೆ ಮಾಡಲು, 1462ರಲ್ಲಿ 500 ಮಂದಿ ಹಾರೆ ಗುದ್ದಲಿ ಹಿಡಿದು ಕೆಡವಿದರು. ಇಂದು ಅದರ ಒಡೆತನ ಕೆಳಗಿನ ಹೊಲಮನೆಯದು, ನಿರ್ವಹಣೆ ವೇಲ್ಸ್ ಸರ್ಕಾರದ ಪರಂಪರೆ ಇಲಾಖೆಯಾದ ‘ಕಾಡೂ’ದು. ಹುಲ್ಲು ಮೇಯುವ ಕುರಿಗಳ ನಡುವೆಯೇ ಗುಡ್ಡ ಹತ್ತಬೇಕು. ಮಗನಿಗೆ ಹಿಡಿಸುವುದು ಮಾತ್ರ ಗೋಡೆಗಳಲ್ಲ: ಪ್ರಪಾತದ ಅಂಚಿನಲ್ಲಿ ಕಲ್ಲಿನ ಓಣಿಯೊಂದು ಕೆಳಗಿಳಿದು ಬಂಡೆಯೊಳಗಿನ ಗುಹೆಯನ್ನು ಸೇರುತ್ತದೆ. ಒಳಗೆ ಕಗ್ಗತ್ತಲು, ಕಾಲಡಿ ಜಾರುವ ಕಲ್ಲು. ಆದ್ದರಿಂದ ಟಾರ್ಚ್‌ಗಳನ್ನು ಒಯ್ಯಲು ಮರೆಯಬೇಡಿ, ಅವನಿಗೊಂದು, ನಿಮಗೊಂದು.