ದುಡ್ಡು ಕೊಟ್ಟಿದ್ದು ಯಾರು? ರೈಲ್ವೆ ಲೇಖನ ಕಳಿಸಿದವರಿಗೊಂದು ಉತ್ತರ

ನಮಸ್ಕಾರ.

ನಿಮ್ಮ ‘ರೈಲು, ಲಾಭ ಮತ್ತು ಸರ್ಕಾರ’ ಲೇಖನ ತಲುಪಿತು. ಓದಿದೆ, ಆಮೇಲೆ ಪೆನ್ಸಿಲ್ ಹಿಡಿದು ಮತ್ತೆ ಓದಿದೆ. ಹೆಸರು ಹಾಕದೆ ಈ ಅಂಕಣದಲ್ಲೇ ಉತ್ತರ ಬರೆಯಲು ನೀವು ಒಪ್ಪಿದ್ದೀರಿ, ಅದಕ್ಕೆ ಥ್ಯಾಂಕ್ಸ್. ಕನ್ನಡದಲ್ಲಿ ರೈಲಿನ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಹೆಚ್ಚಿನವರು ಕಿಟಕಿ ಪಕ್ಕ ಕೂತು ಹೊರಗೆ ನೋಡುತ್ತಾ ಬರೆಯುತ್ತಾರೆ. ರೈಲಿನ ಜಮಾ ಖರ್ಚು ನೋಡುವವರು ಕಮ್ಮಿ. ನೀವು ನೋಡಿದ್ದೀರಿ. ಇಸವಿಗಳು ಸರಿ ಇವೆ, ಕಾಗುಣಿತ ಚೆನ್ನಾಗಿದೆ, ಓದಿಕೊಂಡು ಬರೆದಿದ್ದೀರಿ ಅಂತ ಗೊತ್ತಾಗುತ್ತದೆ. ಹೊಗಳಿಕೆ ಇಷ್ಟು ಸಾಕು ಅಲ್ವಾ? ಈಗ ನನಗೆ ಸಿಟ್ಟು ಬಂದದ್ದು ಎಲ್ಲಿ ಅಂತ ಹೇಳುತ್ತೇನೆ.

ಮೊದಲ ಪುಟ, ಮೂರನೇ ಪ್ಯಾರಾ. ನಿಮ್ಮ ವಾಕ್ಯ ಇದು:

“ಹತ್ತೊಂಬತ್ತನೇ ಶತಮಾನದ ಮಧ್ಯಭಾಗದಲ್ಲಿ ಭಾರತದಲ್ಲಿ ರೈಲು ಮಾರ್ಗಗಳ ನಿರ್ಮಾಣಕ್ಕೆ ಭಾರಿ ಬಂಡವಾಳ ಹೂಡಲಾಯಿತು ಹಾಗೂ ಹೂಡಿಕೆದಾರರಿಗೆ ಸೂಕ್ತ ಪ್ರತಿಫಲದ ಖಾತರಿ ನೀಡಲಾಯಿತು.”

ಯಾರು ಹೂಡಿದರು? ಖಾತರಿ ಕೊಟ್ಟವರು ಯಾರು? ಯಾರ ಜೇಬಿನಿಂದ ಕೊಟ್ಟರು? ‘ಸೂಕ್ತ’ ಅಂದರೆ ಎಷ್ಟು? ಒಂದು ವಾಕ್ಯದಲ್ಲಿ ಇಷ್ಟೂ ಪ್ರಶ್ನೆಗಳನ್ನು ಮುಚ್ಚಿಟ್ಟಿದ್ದೀರಿ. ಬೇಕಂತಲೇ ಮುಚ್ಚಿಟ್ಟಿಲ್ಲ ಅಂತ ನನಗೆ ಗೊತ್ತು. ಎಲ್ಲರೂ ಹೀಗೇ ಬರೆಯುತ್ತಾರೆ, ನೀವೂ ಬರೆದಿರಿ. ಆದರೆ ಆ ಪ್ರಶ್ನೆಗಳ ಉತ್ತರವೇ ನಿಮ್ಮ ಲೇಖನದ ವಿಷಯ ಅಲ್ವಾ? ಅದನ್ನು ಬಿಟ್ಟರೆ ಉಳಿಯುವುದು ಬರೀ ಇಸವಿಗಳು.

ನಡೆದದ್ದು ನಿಮಗೇ ಗೊತ್ತಿದೆ. 1849ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಎರಡು ರೈಲ್ವೆ ಕಂಪನಿಗಳ ಜೊತೆ ಕರಾರು ಮಾಡಿಕೊಂಡಿತು. ಒಂದು ಈಸ್ಟ್ ಇಂಡಿಯನ್ ರೈಲ್ವೆ, ಇನ್ನೊಂದು ಗ್ರೇಟ್ ಇಂಡಿಯನ್ ಪೆನಿನ್ಸುಲಾ. ಹಣ ಲಂಡನ್ನಿನ ಷೇರುದಾರರದು. ಹಳಿ ಹಾಕಲು ಜಮೀನು 99 ವರ್ಷಕ್ಕೆ ಪುಕ್ಕಟೆ. ಹಾಕಿದ ಬಂಡವಾಳಕ್ಕೆ ವರ್ಷಕ್ಕೆ ಶೇಕಡ 5 ಬಡ್ಡಿ ಖಾತರಿ. ರೈಲು ಅಷ್ಟು ದುಡಿಯದಿದ್ದರೆ ಉಳಿದದ್ದನ್ನು ಸರ್ಕಾರ ಭರ್ತಿ ಮಾಡುತ್ತದೆ. ಸರ್ಕಾರಕ್ಕೆ ಎಲ್ಲಿಂದ ಬರಬೇಕು? ಇಲ್ಲಿಯ ಕಂದಾಯದಿಂದ. ಅಂದರೆ ರೈಲನ್ನು ಕಣ್ಣಲ್ಲೂ ನೋಡದ ಹಳ್ಳಿಯ ರೈತ ಆ ಬಡ್ಡಿಯಲ್ಲಿ ತನ್ನ ಪಾಲು ಕಟ್ಟುತ್ತಿದ್ದ.

ಇಂಥ ಕರಾರು ಇದ್ದರೆ ಖರ್ಚಿಗೆ ಕಡಿವಾಣ ಹಾಕುವವರು ಯಾರು? ಭಾರತದ ಹಣಕಾಸು ನೋಡಿಕೊಂಡಿದ್ದ ವಿಲಿಯಂ ಮ್ಯಾಸೀ 1872ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆ ಇದನ್ನೇ ಹೇಳಿದ. ಬಡ್ಡಿ ಗ್ಯಾರಂಟಿ ಇರುವ ತನಕ, ತಾನು ಕೊಟ್ಟ ಹಣವನ್ನು ಹೂಗ್ಲಿ ನದಿಗೆ ಸುರಿದರೂ ಇಟ್ಟಿಗೆ ಗಾರೆ ಮಾಡಿದರೂ ಇಂಗ್ಲೆಂಡಿನ ಬಂಡವಾಳಗಾರನಿಗೆ ಎರಡೂ ಒಂದೇ ಅನ್ನುವುದು ಅವನ ಮಾತಿನ ಸಾರ. ನಮ್ಮಲ್ಲಿ ಇದಕ್ಕೆ ಇನ್ನೂ ಚಿಕ್ಕ ಮಾತಿದೆ: ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಮ್ಯಾಸೀ ನಿಮ್ಮ ಲೇಖನದಲ್ಲೂ ಇದ್ದಾನೆ, ಆದರೆ ಐದನೇ ಪುಟದ ಅಡಿಟಿಪ್ಪಣಿಯಲ್ಲಿ! ಅವನನ್ನು ಅಲ್ಲಿಂದ ಎಬ್ಬಿಸಿ ಮೊದಲ ಪುಟಕ್ಕೆ ಕರೆತನ್ನಿ.

ಮುಂದಿನ ವಾಕ್ಯ: “ಇದರ ಫಲವಾಗಿ ಬೆಂಗಳೂರು ಹಾಗೂ ಮೈಸೂರಿಗೂ ರೈಲು ಸಂಪರ್ಕ ಕಲ್ಪಿಸಲಾಯಿತು.”

ಇಲ್ಲಿ ಸಿಟ್ಟು ಇನ್ನೂ ಜಾಸ್ತಿಯಾಯಿತು. ನೀವು ಇದೇ ಊರಿನವರು. ದಂಡು ಸ್ಟೇಷನ್ನಿಗೂ ಮೆಜೆಸ್ಟಿಕ್ ಸ್ಟೇಷನ್ನಿಗೂ ಇರುವ ವ್ಯತ್ಯಾಸ ನಿಮಗೆ ಗೊತ್ತಿರಬೇಕು. 1864ರಲ್ಲಿ ಜೋಲಾರ್‌ಪೇಟೆಯಿಂದ ರೈಲು ಬಂದು ನಿಂತದ್ದು ದಂಡಿನಲ್ಲಿ, ಪೇಟೆಯಲ್ಲಲ್ಲ. ಸಿಪಾಯಿಗಳು ಇದ್ದದ್ದು ದಂಡಿನಲ್ಲಿ. ಅದನ್ನು ತಂದದ್ದು ಮದ್ರಾಸ್ ರೈಲ್ವೆ, ಅದೂ ಬಡ್ಡಿ ಖಾತರಿ ಪಡೆದ ಕಂಪನಿಯೇ. ಹಳಿಯ ಅಗಲ 5 ಅಡಿ 6 ಅಂಗುಲ.

ಮೈಸೂರಿನ ಕಥೆಯೇ ಬೇರೆ. 1876–78ರ ಬರಗಾಲದಲ್ಲಿ ಹೊಟ್ಟೆಗಿಲ್ಲದ ಜನಕ್ಕೆ ಕೂಲಿ ಕೊಡಲು ಮಣ್ಣಿನ ಕೆಲಸ ಶುರುವಾಯಿತು. ಹಣ ಮೈಸೂರು ಸಂಸ್ಥಾನದ ಬೊಕ್ಕಸದ್ದು. ಆಗ ಸಂಸ್ಥಾನವನ್ನು ಆಳುತ್ತಿದ್ದವರು ಬ್ರಿಟಿಷ್ ಕಮಿಷನರುಗಳು ಅನ್ನುವುದನ್ನೂ ಸೇರಿಸಿ. ಖರ್ಚು ಉಳಿಸಲು ಹಳಿಯ ಅಗಲ ಒಂದು ಮೀಟರ್. 1882ರಲ್ಲಿ ಬೆಂಗಳೂರು–ಮೈಸೂರು ಮಾರ್ಗ ಮುಗಿಯಿತು. 1886ರಲ್ಲಿ ಅದರ ನಿರ್ವಹಣೆ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕೈಗೆ ಹೋಯಿತು. ಸಂಸ್ಥಾನ ಅದನ್ನು ವಾಪಸ್ ಪಡೆಯುವ ಹೊತ್ತಿಗೆ ಮೂರು ದಶಕ ದಾಟಿತ್ತು.

ಒಂದು ಹಳಿಯ ಬಡ್ಡಿ ಖಾತರಿಗೆ ಹಿಂದೂಸ್ತಾನದ ಕಂದಾಯ, ಇನ್ನೊಂದರ ಖರ್ಚಿಗೆ ಮೈಸೂರಿನ ಬೊಕ್ಕಸ. ಎರಡೂ ಬೆಂಗಳೂರಿಗೆ ಬಂದವು, ಆದರೆ ಒಂದರ ಬಂಡಿ ಇನ್ನೊಂದರ ಮೇಲೆ ಓಡುವ ಹಾಗಿಲ್ಲ. ಮದ್ರಾಸಿನಿಂದ ಬಂದ ಮೂಟೆಯನ್ನು ಇಳಿಸಬೇಕು, ಹೊರಬೇಕು, ಮತ್ತೆ ಇನ್ನೊಂದು ಡಬ್ಬಿಗೆ ಹತ್ತಿಸಬೇಕು. ಆ ಕೂಲಿ ಕೊನೆಗೆ ಸರಕಿನ ಬೆಲೆಗೇ ಸೇರುತ್ತದೆ. ಒಂದಿಡೀ ಅಧ್ಯಾಯ ಆಗಬಹುದಾದ ಸಂಗತಿಯನ್ನು ನೀವು “ಸಂಪರ್ಕ ಕಲ್ಪಿಸಲಾಯಿತು” ಅಂತ ಮುಗಿಸಿಬಿಟ್ಟಿರಿ.

ನಾನು ಕೆಲಸ ಕಲಿತದ್ದು ಗಾಂಧಿನಗರದ ಒಂದು ವಾರಪತ್ರಿಕೆಯಲ್ಲಿ. ಅಲ್ಲೊಬ್ಬರು ಹಿರಿಯ ಉಪಸಂಪಾದಕರಿದ್ದರು, ಎಲ್ಲರೂ ಮೇಷ್ಟ್ರು ಅಂತಲೇ ಕರೆಯುತ್ತಿದ್ದೆವು. ಪ್ರೂಫ್ ಹಾಳೆಯ ಅಂಚಿನಲ್ಲಿ ಕೆಂಪು ಪೆನ್ಸಿಲ್‌ನಿಂದ ಅವರು ಬರೆಯುತ್ತಿದ್ದದ್ದು ಎರಡೇ ಅಕ್ಷರ: ‘ಯಾರು?’ ವಿವರಣೆ ಇರುತ್ತಿರಲಿಲ್ಲ. ಹೋಗಿ ಕೇಳಿದರೆ ತಲೆ ಎತ್ತದೆ “ನೀನೇ ಹುಡುಕು” ಅನ್ನುತ್ತಿದ್ದರು.

ಆಗ ರೈಲ್ವೆಗೆ ಬೇರೆಯದೇ ಬಜೆಟ್ ಇತ್ತು. ಆಕ್‌ವರ್ತ್ ಸಮಿತಿಯ ಶಿಫಾರಸಿನ ಮೇಲೆ 1924ರಲ್ಲಿ ಬೇರೆಯಾದ ಲೆಕ್ಕ ಅದು, 2017ರಲ್ಲಿ ಮತ್ತೆ ಸಾಮಾನ್ಯ ಬಜೆಟ್ಟಿಗೆ ಸೇರಿತು. ಫೆಬ್ರವರಿ ಬಂದರೆ ಕಚೇರಿಯಲ್ಲಿ ಹಬ್ಬದ ಗದ್ದಲ. ರಾಜ್ಯಕ್ಕೆ ಎಷ್ಟು ಹೊಸ ರೈಲು, ಯಾವ ಊರಿಗೆ ಸರ್ವೆ ಅಂತ ಬರೆಯಲು ಎಲ್ಲರಿಗೂ ಆಸೆ. ನನಗೂ ಇತ್ತು. ಮೇಷ್ಟ್ರು ಮಾತ್ರ ಸರಕು ಸಾಗಣೆಯ ದರಪಟ್ಟಿ ತಂದು ನನ್ನ ಮೇಜಿನ ಮೇಲೆ ಹಾಕುತ್ತಿದ್ದರು. “ಹೊಸ ರೈಲು ಎಲ್ಲರಿಗೂ ಕಾಣುತ್ತೆ ಕಣಯ್ಯಾ. ಟಿಕೆಟ್ ದರ ಏರಿಸಿಲ್ಲ ಅಂತ ಮಂತ್ರಿ ಹೇಳಿದ್ರೆ ನೀನು ಕಲ್ಲಿದ್ದಲಿನ ಸಾಲು ನೋಡು” ಅಂದರು ಒಂದು ಸಲ. ಸುಮ್ನೆ ನೋಡಿದರೆ ಸಾಲದು ಅಂತ ಯಶವಂತಪುರದ ಮಂಡಿಗೂ ಅಟ್ಟಿದರು. ಅಲ್ಲಿ ಅಕ್ಕಿ ಸಾಹುಕಾರರೊಬ್ಬರು ನನಗೆ ಟೀ ಕುಡಿಸಿ, ಹಳಿ ಇಷ್ಟು ಹತ್ತಿರ ಇದ್ದರೂ ತಮ್ಮ ಸರಕು ಯಾಕೆ ಲಾರಿಯಲ್ಲೇ ಬರುತ್ತದೆ ಅಂತ ಬಿಡಿಸಿ ಹೇಳಿದರು. ಲಾರಿ ಅಂಗಡಿ ಬಾಗಿಲಿಗೆ ಬರುತ್ತದೆ, ದರ ಚೌಕಾಸಿಗೆ ಸಿಗುತ್ತದೆ, ಹತ್ತು ಮೂಟೆ ಇದ್ದರೂ ಹೊರಡುತ್ತದೆ. ರೈಲ್ವೆ ಅರ್ಥಶಾಸ್ತ್ರದ ನನ್ನ ಮೊದಲ ಪಾಠ ಅದು. ಮೇಷ್ಟ್ರು ಆ ವರದಿಯನ್ನು ಅರ್ಧಕ್ಕೆ ಇಳಿಸಿದರು, ಆದರೆ ಸಾಹುಕಾರರ ಮಾತುಗಳನ್ನು ಒಂದೂ ಬಿಡದೆ ಉಳಿಸಿಕೊಂಡರು.

ಮಾತು ಎಲ್ಲೋ ಹೋಯಿತು. ನಿಮ್ಮ ನಾಲ್ಕನೇ ಪುಟಕ್ಕೆ ಬರೋಣ.

“ಖಾಸಗಿ ರೈಲ್ವೆ ಕಂಪನಿಗಳ ಏಕಸ್ವಾಮ್ಯವನ್ನು ನಿಯಂತ್ರಿಸಲು ಅಮೆರಿಕದಲ್ಲಿ 1887ರಲ್ಲಿ ಅಂತರರಾಜ್ಯ ವಾಣಿಜ್ಯ ಕಾಯ್ದೆ ಜಾರಿಗೊಳಿಸಲಾಯಿತು. ತದನಂತರ ಭಾರತದಲ್ಲೂ 1890ರಲ್ಲಿ ರೈಲ್ವೆ ಕಾಯ್ದೆ ತರಲಾಯಿತು.”

ಮೊದಲ ಅರ್ಧ ನೋಡಿ. ಏಕಸ್ವಾಮ್ಯ ಅಂದರೆ ಓದುಗರ ಕಣ್ಣಿಗೆ ಏನು ಕಾಣಬೇಕು? ನಿಮ್ಮ ಹತ್ತಿರವೇ ಒಳ್ಳೆಯ ಉದಾಹರಣೆ ಇದೆ, ಬಳಸಿಲ್ಲ. ಇಲಿನಾಯ್ ರಾಜ್ಯದಲ್ಲಿ ಪಿಯೋರಿಯಾ, ಗಿಲ್ಮನ್ ಅಂತ ಎರಡು ಊರು. ಗಿಲ್ಮನ್ನಿಂದ ನ್ಯೂಯಾರ್ಕ್ 86 ಮೈಲಿ ಹತ್ತಿರ. ಆದರೆ ವಾಬಾಷ್ ರೈಲ್ವೆ 100 ಪೌಂಡ್ ಸರಕಿಗೆ ಪಿಯೋರಿಯಾದಿಂದ 15 ಸೆಂಟ್ ತೆಗೆದುಕೊಳ್ಳುತ್ತಿತ್ತು, ಗಿಲ್ಮನ್ನಿಂದ 25 ಸೆಂಟ್. ದೂರದವನಿಗೆ ಕಮ್ಮಿ, ಹತ್ತಿರದವನಿಗೆ ಜಾಸ್ತಿ! ಇದನ್ನು ಓದಿದ ಯಾರಾದರೂ “ಅದ್ಹೇಗೆ?” ಅಂತ ಕೇಳದೆ ಇರುತ್ತಾರಾ?

ಹಾಗೆ ಕೇಳಿದ ಮೇಲೆ ನಿಮ್ಮ ‘ಸ್ಥಿರ ವೆಚ್ಚ’ ಪ್ಯಾರಾ ಬರಲಿ. ಹಳಿ, ಸೇತುವೆ, ಸ್ಟೇಷನ್ನಿಗೆ ಹಾಕಿದ ದುಡ್ಡು ಹಾಕಿ ಆಯಿತು. ಇನ್ನೊಂದು ಡಬ್ಬಿ ಎಳೆಯಲು ತಗಲುವ ಖರ್ಚು ಅಲ್ಪ. ಆದ್ದರಿಂದ ಪೈಪೋಟಿ ಇರುವ ಊರಿನಲ್ಲಿ ಕಂಪನಿ ಸಿಕ್ಕಿದ ಬೆಲೆಗೆ ಸರಕು ಒಯ್ಯುತ್ತದೆ, ಬೇರೆ ದಾರಿ ಇಲ್ಲದ ಊರಿನಲ್ಲಿ ಆ ಕೊರತೆಯನ್ನು ವಸೂಲು ಮಾಡುತ್ತದೆ. ಇಷ್ಟು ಸರಳವಾದದ್ದನ್ನು ನೀವು ಒಂದೂವರೆ ಪುಟ ಎಳೆದಿದ್ದೀರಿ, ಒಂದು ಊರಿನ ಹೆಸರಿಲ್ಲ, ಒಂದು ದರ ಇಲ್ಲ.

ರೈತರು, ಸಣ್ಣ ಊರಿನ ವರ್ತಕರು ಗಲಾಟೆ ಮಾಡಿದರು. ಇಲಿನಾಯ್ ತಾನೇ ಕಾನೂನು ಮಾಡಿತ್ತು. ರಾಜ್ಯದ ಗಡಿ ದಾಟುವ ಸಾಗಣೆ ರಾಜ್ಯದ ಕೆಲಸವಲ್ಲ ಅಂತ ಸುಪ್ರೀಂ ಕೋರ್ಟ್ 1886ರಲ್ಲಿ ಹೇಳಿತು. ಅದಕ್ಕೇ ಮರುವರ್ಷ ಅಮೆರಿಕದ ಸಂಸತ್ತು ಕಾಯ್ದೆ ಮಾಡಬೇಕಾಯಿತು. ಯಾರು, ಯಾಕೆ, ಆ ವರ್ಷವೇ ಯಾಕೆ, ಎಲ್ಲಕ್ಕೂ ಇಲ್ಲಿ ಉತ್ತರ ಇದೆ.

ಇನ್ನು ಎರಡನೇ ಅರ್ಧ, “ತದನಂತರ ಭಾರತದಲ್ಲೂ”. ಇದನ್ನು ದಯವಿಟ್ಟು ಹೊಡೆದುಹಾಕಿ. ಅಮೆರಿಕದಲ್ಲಿ ಕಂಪನಿ ಮತ್ತು ಗಿರಾಕಿಯ ಜಗಳಕ್ಕೆ ಸರ್ಕಾರ ಪಂಚಾಯ್ತಿ ಮಾಡಲು ಬಂತು. ನಮ್ಮಲ್ಲಿ ಸರ್ಕಾರ ಮೊದಲ ದಿನದಿಂದಲೇ ಕರಾರಿನಲ್ಲಿ ಪಾಲುದಾರ. ಬಡ್ಡಿಗೆ ಜಾಮೀನು ನಿಂತವರೂ ಅವರೇ, ಕಂಪನಿಯ ಲೆಕ್ಕ ತಪಾಸಣೆ ಮಾಡಿದವರೂ ಅವರೇ, 1869ರ ನಂತರ ತಾವೇ ಹಳಿ ಹಾಕಿದವರೂ ಅವರೇ. ಬಂದರಿಗೆ ಹೋಗುವ ಸರಕಿಗೆ ಅಗ್ಗದ ದರ, ಒಳನಾಡಿನ ಊರುಗಳ ನಡುವೆ ದುಬಾರಿ ದರ ಅಂತ ಇಲ್ಲಿನ ವ್ಯಾಪಾರಿಗಳು ದೂರಿದಾಗ, ಆ ದೂರು ಕೇಳಬೇಕಾದ ಸರ್ಕಾರಕ್ಕೇ ರೈಲಿನ ಲಾಭ ನಷ್ಟದಲ್ಲಿ ಪಾಲಿತ್ತು. ಈ ಎರಡು ಕಥೆಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಎರಡೂ ಸುಳ್ಳಾಗುತ್ತವೆ.

ಬ್ರಿಟನ್ನಿನ ಮಂತ್ರಿ ಗ್ಲಾಡ್‌ಸ್ಟನ್ ಬಗ್ಗೆ ಬರೆದ ಭಾಗವನ್ನು ಮುಟ್ಟಬೇಡಿ. 1844ರ ಕಾಯ್ದೆ ಪ್ರಕಾರ ದಿನಕ್ಕೊಂದಾದರೂ ಅಗ್ಗದ ರೈಲು ಓಡಿಸಬೇಕು, ಮೈಲಿಗೆ ಒಂದು ಪೆನಿ, ಡಬ್ಬಿಗೆ ಸೂರು ಇರಲೇಬೇಕು. ಕಂಪನಿಗಳು ಅದನ್ನು ಯಾರಿಗೂ ಅನುಕೂಲವಾಗದ ಹೊತ್ತಿನಲ್ಲಿ ಓಡಿಸಿದವು ಅಂತ ಬರೆದಿದ್ದೀರಲ್ಲ, ಅಲ್ಲಿ ನಾನು ನಕ್ಕೆ. ನಿಮಗೆ ಹಾಗೆ ಬರೆಯಲು ಬರುತ್ತದೆ.

ಕೊನೆಯ ಪ್ಯಾರಾ: “ಇಂದು ಸಾಮಾಜಿಕ ಹೊಣೆಗಾರಿಕೆಯಿಂದ ಪ್ರಯಾಣಿಕರಿಗೆ ಸಬ್ಸಿಡಿ ನೀಡಲಾಗುತ್ತಿದೆ.” ಮತ್ತೆ ಅದೇ. ಪ್ರಯಾಣದ ವೆಚ್ಚದಲ್ಲಿ ಸರಾಸರಿ ಶೇಕಡ 57 ಮಾತ್ರ ವಸೂಲಾಗುತ್ತದೆ ಅಂತ ಟಿಕೆಟ್ ಮೇಲೆ ರೈಲ್ವೆಯೇ ಅಚ್ಚು ಹಾಕಿದ್ದನ್ನು ನೀವು ನೋಡಿಲ್ವಾ? ಉಳಿದ 43ರ ದೊಡ್ಡ ಪಾಲನ್ನು ಹೊರುವುದು ಸರಕಿನ ಗಾಡಿ, ಅದರಲ್ಲೂ ಕಲ್ಲಿದ್ದಲು. ರಾಯಚೂರಿನ ಶಾಖೋತ್ಪನ್ನ ಸ್ಥಾವರಕ್ಕೆ ಕಲ್ಲಿದ್ದಲು ಬರುವುದು ರೈಲಿನಲ್ಲೇ. ಆ ಸಾಗಣೆ ದರ ಕರೆಂಟಿನ ಖರ್ಚಿಗೆ ಸೇರುತ್ತದೆ. ಮೈಸೂರಿಗೆ ಅಗ್ಗವಾಗಿ ಹೋಗಿ ಬಂದವರೂ, ವರ್ಷವಿಡೀ ರೈಲು ಹತ್ತದವರೂ ಮನೆಯಲ್ಲಿ ಫ್ಯಾನ್ ಹಾಕಿಕೊಂಡು ಅದನ್ನು ಕಟ್ಟುತ್ತಾರೆ. ಈ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸಿ. ‘ಸಾಮಾಜಿಕ ಹೊಣೆಗಾರಿಕೆ’ ಬೇಡ.

ಲೇಖನ ಈಗ ಹಾಕುವುದಿಲ್ಲ, ತಿದ್ದಿ ಕಳಿಸಿದರೆ ಖಂಡಿತ ಓದುತ್ತೇನೆ. ದಂಡು ಸ್ಟೇಷನ್ನಿಂದ ಶುರು ಮಾಡಿದರೆ ನನಗೆ ಇಷ್ಟ, ಗಿಲ್ಮನ್ನಿಂದ ಆದರೂ ಅಡ್ಡಿಯಿಲ್ಲ. ಕೊನೆಯ ಪುಟದ ಇಸವಿಗಳ ಪಟ್ಟಿ ಬೇಡ. ಇನ್ನೊಂದು ವಿನಂತಿ: ಈ ಸಲ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೇ ಫಾಂಟಿನಿಂದ ಬದಲಾಯಿಸುವಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಮ್ಯಾಸೀ ಯಾರು ಅಂತ ಗೊತ್ತಾಗಲೇ ನನಗೆ ಬಹಳ ಹೊತ್ತು ಹಿಡಿಯಿತು.