ಓದುಗರ ಪ್ರಶ್ನೆ: ವಿಳಾಸದೊಳಗಿನ ಕಾಮಾ ಮತ್ತು ಸಿಎಸ್‌ವಿ

ಪ್ರಶ್ನೆ: ನಮ್ಮ ಸಹಕಾರ ಸಂಘದ ಸದಸ್ಯರ ಪಟ್ಟಿ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿದೆ. ಸಿಎಸ್‌ವಿ (ಕಾಲಂಗಳನ್ನು ಕಾಮಾದಿಂದ ಬೇರ್ಪಡಿಸುವ ಪಠ್ಯ ಫೈಲ್) ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ವಿಳಾಸ ಮೂರು ಕಾಲಂಗಳಿಗೆ ಹರಿದುಹೋಗುತ್ತದೆ, ಪಿನ್‌ಕೋಡ್ ಇನ್ನೆಲ್ಲೋ ಕೂರುತ್ತದೆ. ಕಾಮಾಗಳನ್ನೆಲ್ಲ ಅಳಿಸಿಬಿಡಲೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ದಯವಿಟ್ಟು ಬೇಡ. ‘ನಂ. 12, 3ನೇ ಅಡ್ಡರಸ್ತೆ’ ಎಂಬುದರ ಕಾಮಾ ತೆಗೆದರೆ ‘ನಂ. 12 3ನೇ ಅಡ್ಡರಸ್ತೆ’ ಆಗುತ್ತದೆ. ಅಂಚೆಯವರು ಯಾವ ಮನೆ ಹುಡುಕಬೇಕು? ಕಾಮಾ ಬದಲು ಸೆಮಿಕೋಲನ್ ವಿಭಜಕ ಹಾಕಿದರೂ ಅಷ್ಟೆ, ಯಾರೋ ಒಬ್ಬರು ವಿಳಾಸದಲ್ಲಿ ಸೆಮಿಕೋಲನ್ ಬರೆಯುವ ದಿನದವರೆಗೆ ಮಾತ್ರ ನೆಮ್ಮದಿ.

ಇದಕ್ಕೊಂದು ಒಪ್ಪಿತ ಪದ್ಧತಿ ಇದೆ. 2005ರ ಆರ್‌ಎಫ್‌ಸಿ 4180 ಎಂಬ ಇಂಟರ್ನೆಟ್ ದಸ್ತಾವೇಜು ಅದನ್ನು ಬರೆದಿಟ್ಟಿದೆ. ಕಾಮಾ, ಡಬಲ್ ಕೋಟ್ ಅಥವಾ ಸಾಲುಮುರಿತ ಇರುವ ಫೀಲ್ಡನ್ನು (ಒಂದು ಕಾಲಂನ ಮಾಹಿತಿಯನ್ನು) ಡಬಲ್ ಕೋಟ್‌ಗಳ ಒಳಗಿಡಬೇಕು. ಒಳಗೇ ಡಬಲ್ ಕೋಟ್ ಇದ್ದರೆ ಅದನ್ನು ಎರಡು ಸಲ ಬರೆಯಬೇಕು:

1042,"ನಂ. 12, 3ನೇ ಅಡ್ಡರಸ್ತೆ, ವಿನೋಬನಗರ",577204
1043,"""ಶ್ರೀನಿಲಯ"", ನಂ. 14",577204

ಎರಡನೇ ಸಾಲಿನಲ್ಲಿ ಮೂರು ಕೋಟ್ ಒಟ್ಟಿಗೆ ಬಂದಿರುವುದು ಮುದ್ರಣದೋಷವಲ್ಲ. ಮೊದಲನೆಯದು ಫೀಲ್ಡ್ ತೆರೆಯುತ್ತದೆ, ಉಳಿದೆರಡು ಸೇರಿ ಮನೆ ಹೆಸರಿನ ಒಂದು ಕೋಟ್. ಇನ್ನೊಂದು: ಕಾಮಾ ಆದಮೇಲೆ ‘ಚೆಂದಕ್ಕೆ’ ಸ್ಪೇಸ್ ಬಿಡಬೇಡಿ. ಸ್ಪೇಸ್ ನಂತರ ಬಂದ ಕೋಟನ್ನು ಎಕ್ಸೆಲ್ ಸಾದಾ ಅಕ್ಷರವೆಂದೇ ಓದಿ ಮತ್ತೆ ಒಡೆಯುತ್ತದೆ.

ಮಾಹಿತಿಯನ್ನು ಫೈಲ್‌ಗೆ ಬರೆಯುವ ಮೈಎಸ್‌ಕ್ಯೂಎಲ್‌ನ ‘ಇನ್‌ಟು ಔಟ್‌ಫೈಲ್’ ತಾನಾಗಿ ಇದನ್ನು ಮಾಡುವುದಿಲ್ಲ. ಅದರ ಡಿಫಾಲ್ಟ್ ವಿಭಜಕ ಟ್ಯಾಬ್, ಕೋಟ್ ಇಲ್ಲ. ನೀವೇ ಹೇಳಬೇಕು: ಫೀಲ್ಡ್ಸ್ ಟರ್ಮಿನೇಟೆಡ್ ಬೈ ಕಾಮಾ, ಆಪ್ಷನಲಿ ಎನ್‌ಕ್ಲೋಸ್ಡ್ ಬೈ ಡಬಲ್ ಕೋಟ್, ಎಸ್ಕೇಪ್ಡ್ ಬೈ ಡಬಲ್ ಕೋಟ್. ಹೆಚ್ಚಿನವರು ಬಿಡುವುದು ಈ ಕೊನೆಯದನ್ನೇ. ಬಿಟ್ಟರೆ ಒಳಗಿನ ಕೋಟ್ ಮುಂದೆ ಬ್ಯಾಕ್‌ಸ್ಲ್ಯಾಷ್ ಬೀಳುತ್ತದೆ, ಎಕ್ಸೆಲ್‌ಗೆ ಅದು ತಿಳಿಯದು. ಹಾಕಿದರೆ ಬೇರೊಂದು ತಂಟೆ: ನಲ್ (ಮಾಹಿತಿಯೇ ತುಂಬಿಸದ ಜಾಗ) ಇರುವಲ್ಲಿ ಒಂಟಿ ಕೋಟ್ ಮತ್ತು ‘ಎನ್’ ಅಕ್ಷರ ಬಂದು ಸಾಲು ಹಾಳಾಗುತ್ತದೆ. ಹಾಗಾಗಿ ನಲ್ ಬರಬಹುದಾದ ಪ್ರತಿ ಕಾಲಮನ್ನೂ ಸೆಲೆಕ್ಟ್‌ನಲ್ಲೇ ಇಫ್‌ನಲ್ ಬಳಸಿ ಖಾಲಿ ಪಠ್ಯವಾಗಿಸಿ. ಫೈಲ್ ಹುಟ್ಟುವುದು ಸರ್ವರ್ ಯಂತ್ರದಲ್ಲಿ, ನಿಮ್ಮ ಲ್ಯಾಪ್‌ಟಾಪ್‌ನಲ್ಲಲ್ಲ. ಅದೇ ಹೆಸರಿನ ಫೈಲ್ ಮೊದಲೇ ಇದ್ದರೆ ಕಮಾಂಡ್ ಎರರ್ ಕೊಡುತ್ತದೆ.

ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಬಳಸುವವರಿಗೆ ಈ ತಲೆನೋವಿಲ್ಲ. ‘ಕಾಪಿ’ ಕಮಾಂಡ್‌ಗೆ ಫಾರ್ಮ್ಯಾಟ್ ಸಿಎಸ್‌ವಿ ಎಂದರೆ ಬೇಕಾದಲ್ಲಿ ಅದೇ ಕೋಟ್ ಹಾಕುತ್ತದೆ. ನಲ್ ಅನ್ನು ಬರಿದಾಗಿ, ಖಾಲಿ ಪಠ್ಯವನ್ನು ಎರಡು ಕೋಟ್‌ಗಳಾಗಿ ಬರೆದು ಅವೆರಡರ ವ್ಯತ್ಯಾಸವನ್ನೂ ಉಳಿಸುತ್ತದೆ.

ಪ್ರಶ್ನೆ: ಟೇಬಲ್‌ನಲ್ಲಿ 2,310 ದಾಖಲೆ, ಸಿಎಸ್‌ವಿಯಲ್ಲಿ ಎಣಿಸಿದರೆ 2,347 ಸಾಲು. ಹೆಚ್ಚಿನವು ಎಲ್ಲಿಂದ ಬಂದವು?
– ಇನ್ನೊಬ್ಬ ಓದುಗರು, ಧಾರವಾಡ

ಉತ್ತರ: ಶೀರ್ಷಿಕೆಯ ಸಾಲು ಒಂದು. ಉಳಿದವು ಬಹುತೇಕ ಪಠ್ಯದೊಳಗೆ ಒತ್ತಿದ ಎಂಟರ್‌ಗಳು. ಕೋಟ್ ಒಳಗಿದ್ದರೆ ತಪ್ಪಲ್ಲ, ಸಿಎಸ್‌ವಿ ಓದಲು ಬರುವ ತಂತ್ರಾಂಶ ಸರಿಯಾಗಿ 2,310 ದಾಖಲೆಗಳನ್ನೇ ಕೊಡುತ್ತದೆ. ಸಾಲು ಸಾಲಾಗಿ ಓದಿ ಕಾಮಾದಲ್ಲಿ ಕತ್ತರಿಸುವ ಸ್ಕ್ರಿಪ್ಟ್ ಮಾತ್ರ ಮುಗ್ಗರಿಸುತ್ತದೆ. ಪೈಥಾನ್‌ನಲ್ಲಾದರೆ ‘ಸ್ಪ್ಲಿಟ್’ ಕೈಬಿಟ್ಟು ಅದರ ಸಿಎಸ್‌ವಿ ಮಾಡ್ಯೂಲನ್ನೇ ಬಳಸಿ. ಫೈಲ್ ಪಡೆಯುವವರ ಪ್ರೋಗ್ರಾಂ ಬದಲಿಸುವುದು ನಿಮ್ಮ ಕೈಯಲ್ಲಿಲ್ಲವೇ? ಆಗ ಎಕ್ಸ್‌ಪೋರ್ಟ್ ಮಾಡುವಾಗಲೇ ಎಂಟರ್ ಜಾಗಕ್ಕೆ ಸ್ಪೇಸ್ ಹಾಕಿ. ವಿಳಾಸಕ್ಕೆ ಅದರಿಂದ ನಷ್ಟವಿಲ್ಲ.

ಕನ್ನಡ ಅಕ್ಷರ ಚಿತ್ರವಿಚಿತ್ರವಾಗಿ ಕಂಡರೆ ಅದು ಕಾಮಾದ ಕಾಟವಲ್ಲ, ಎನ್‌ಕೋಡಿಂಗ್‌ನದು (ಅಕ್ಷರಗಳನ್ನು ಫೈಲ್‌ನಲ್ಲಿ ಸಂಕೇತವಾಗಿ ಉಳಿಸುವ ಬಗೆ). ಫೈಲನ್ನು ಡಬಲ್ ಕ್ಲಿಕ್ ಮಾಡದೆ, ಎಕ್ಸೆಲ್‌ನ ಡೇಟಾ ಮೆನುವಿನ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಮೂಲಕ ತಂದು 65001 ಯೂನಿಕೋಡ್ ಆರಿಸಿ. ಸೊನ್ನೆಯಿಂದ ಶುರುವಾಗುವ ಫೋನ್ ನಂಬರ್‌ಗಳಿದ್ದರೆ ಅಲ್ಲೇ ಆ ಕಾಲಮನ್ನು ಟೆಕ್ಸ್ಟ್ ಎಂದು ಗುರುತಿಸಿ, ಇಲ್ಲದಿದ್ದರೆ ಸೊನ್ನೆ ಉದುರಿಹೋಗುತ್ತದೆ.