ಸ್ಲೀವ್ ಆದ ಮೇಲೆ ಇಳಿದ ತೂಕ ಮತ್ತೆ ಏರಿದೆ, ಇನ್ನೊಂದು ಆಪರೇಷನ್ ಮಾಡಿಸಿಕೊಳ್ಳಲೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಐದು ವರ್ಷದ ಹಿಂದೆ ಸ್ಲೀವ್ (ತೂಕ ಇಳಿಸಲು ಜಠರದ ಹೆಚ್ಚು ಭಾಗ ಕತ್ತರಿಸಿ ತೆಗೆಯುವ ಆಪರೇಷನ್) ಆಯಿತು. 124 ಕಿಲೋ ಇದ್ದವರು 82ಕ್ಕೆ ಇಳಿದಿರಿ, ಈಗ 105. ಸರ್ಜನ್ ‘ಬೈಪಾಸ್‌ಗೆ ಬದಲಾಯಿಸೋಣ’ ಅಂದಿದ್ದಾರೆ (ಹೃದಯದ್ದಲ್ಲ, ಜಠರವನ್ನು ಚಿಕ್ಕ ಚೀಲ ಮಾಡಿ ಕರುಳಿನ ಕೆಳಗಿನ ಭಾಗಕ್ಕೆ ನೇರ ಜೋಡಿಸುವುದು). ಮನೆಯವರು ‘ಬಾಯಿ ಕಟ್ಟಲಿಲ್ಲ, ಇನ್ನೇನಾಗುತ್ತೆ’ ಅನ್ನುತ್ತಿದ್ದಾರೆ. ಮಾಡಿಸಿಕೊಳ್ಳಲೇ, ಬೇಡವೇ?

ನಾನು ಡಾಕ್ಟರಲ್ಲ. ಎರಡೂ ಆಪರೇಷನ್ ಮಾಡಿಸಿಕೊಂಡು ಕೂತಿರುವ ರೋಗಿ. ಮೊದಲ ಆಪರೇಷನ್ ಎಲ್ಲಿ ಕೈಕೊಟ್ಟಿತು ಅಂತ ಗೊತ್ತಾಗುವ ತನಕ ಎರಡನೆಯದಕ್ಕೆ ತಾರೀಖು ತೆಗೆದುಕೊಳ್ಳಬೇಡಿ, ಇಷ್ಟೇ ನನ್ನ ಉತ್ತರ. ಯಾಕೆ ಅನ್ನೋದು ಸ್ವಲ್ಪ ಉದ್ದದ ಕಥೆ.

ನನ್ನದು 118ರಿಂದ 76ಕ್ಕೆ ಇಳಿದಿತ್ತು. ಮೂರನೇ ವರ್ಷದವರೆಗೆ ಅಲ್ಲೇ ನಿಂತಿತ್ತು. ಆಮೇಲೆ ತಿಂಗಳಿಗೆ ಅರ್ಧ ಕಿಲೋ ಚಿಲ್ಲರೆಯ ಲೆಕ್ಕದಲ್ಲಿ, ಸದ್ದಿಲ್ಲದೆ, ಆರನೇ ವರ್ಷಕ್ಕೆ 97. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಅಂತಾರಲ್ಲ, ಹಾಗೆ. ತೂಕದ ಯಂತ್ರವನ್ನು ಮಂಚದ ಕೆಳಗೆ ತಳ್ಳಿದ್ದೆ. ಡಾಕ್ಟರ್ ಹತ್ತಿರ ಹೋಗಲು ನಾಚಿಕೆ, ಮುಖ ತೋರಿಸುವುದು ಹೇಗೆ ಅಂತ. ಹಾಗಾಗಿ ಮೂರು ವರ್ಷ ರಕ್ತಪರೀಕ್ಷೆ ಕೂಡ ಮಾಡಿಸಲಿಲ್ಲ. ಅಷ್ಟೂ ಕಥೆಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದು, ತಿಂದದ್ದಲ್ಲ.

ಮೊದಲು ನಿಮ್ಮ ಅಂಕಿಗಳನ್ನೇ ನೋಡೋಣ. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ಒಂದು ದೊಡ್ಡ ಅಧ್ಯಯನವಿದೆ, ತೂಕದ ಆಪರೇಷನ್ ಆದವರನ್ನು ದಶಕಗಟ್ಟಲೆ ಹಿಂಬಾಲಿಸಿದ್ದು. ಅದರಲ್ಲಿ ಬೈಪಾಸ್ ಆದವರು ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ ಶೇ. 32ರಷ್ಟು ತೂಕ ಇಳಿಸಿದ್ದರು, ಹತ್ತು ವರ್ಷದ ಹೊತ್ತಿಗೆ ಅದು ಶೇ. 25ಕ್ಕೆ ಬಂದು ನಿಂತಿತ್ತು. ಅಂದರೆ 120 ಕಿಲೋ ಇದ್ದವರು 38 ಕಿಲೋ ಇಳಿಸಿ, ಅದರಲ್ಲಿ ಎಂಟು ಕಿಲೋ ವಾಪಸ್ ಪಡೆಯುವುದು ಸರಾಸರಿ ಮನುಷ್ಯರ ಕಥೆ. ಇದನ್ನು ಆಪರೇಷನ್‌ಗೆ ಮುಂಚೆ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಆಗಿನ ಉತ್ಸಾಹದಲ್ಲಿ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲವೇನೋ. ತೂಕ ಇಳಿದ ದೇಹ ಸುಮ್ಮನಿರುವುದಿಲ್ಲ. ಹಸಿವು ಹೆಚ್ಚಿಸುತ್ತದೆ, ಖರ್ಚು ಮಾಡುವ ಶಕ್ತಿಯನ್ನು ಕಡಿಮೆ ಮಾಡುತ್ತದೆ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗ ತೆಗೆಯುವಾಗ ಗ್ರೆಲಿನ್ ಅನ್ನೋ ಹಸಿವಿನ ಹಾರ್ಮೋನ್ ಹೆಚ್ಚಾಗಿ ತಯಾರಾಗುವ ಮೇಲ್ಭಾಗವೂ ಹೋಗುತ್ತದೆ. ಮೊದಲ ವರ್ಷ ಹಸಿವೇ ಮರೆತುಹೋದ ಹಾಗಿರುವುದಕ್ಕೆ ಅದೂ ಒಂದು ಕಾರಣ. ಆದರೆ ದೇಹಕ್ಕೆ ಹಸಿವನ್ನು ತರುವ ದಾರಿ ಅದೊಂದೇ ಅಲ್ಲ.

ಈಗ ನಿಮ್ಮದು. ಇಳಿದ 42ರಲ್ಲಿ 23 ವಾಪಸ್. ಇದು ಮಾಮೂಲಿ ಏರಿಕೆಗಿಂತ ಜಾಸ್ತಿಯೇ, ಸಮಾಧಾನಕ್ಕಾಗಿ ಸುಳ್ಳು ಹೇಳುವುದಿಲ್ಲ. ಕಾರಣ ಹುಡುಕಲೇಬೇಕಾದಷ್ಟು ಜಾಸ್ತಿ. ಆದರೂ ಶುರುವಿನ ತೂಕಕ್ಕಿಂತ 19 ಕಿಲೋ ಕೆಳಗೇ ಇದ್ದೀರಿ. ಎಲ್ಲ ಮಣ್ಣುಪಾಲಾಯಿತು ಅಂತ ಬರೆದಿದ್ದೀರಲ್ಲ, ಆ ಮಾತು ಮಾತ್ರ ಸರಿಯಲ್ಲ.

ಕಾರಣ ಹುಡುಕುವುದು ಹೇಗೆ? ನಾನು ಮೊದಲು ಹೋದ ಸರ್ಜನ್ ಹತ್ತು ನಿಮಿಷದಲ್ಲಿ, ಹಳೆಯ ಫೈಲ್ ಬಿಚ್ಚಿಯೂ ನೋಡದೆ, ಬೈಪಾಸ್‌ಗೆ ದಿನ ಕೊಡಲು ತಯಾರಾಗಿದ್ದರು. ಎರಡನೆಯವರು ಮೊದಲು ಕೇಳಿದ್ದು ಹಳೆಯ ಆಪರೇಷನ್ ನೋಟ್ಸ್. ಆಮೇಲೆ ಎಂಡೋಸ್ಕೋಪಿ, ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇ, ಥೈರಾಯ್ಡ್, ಸಕ್ಕರೆ, ಬಿ12, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ವಿಟಮಿನ್ ಡಿ, ಆಲ್ಬುಮಿನ್ (ರಕ್ತದ ಪ್ರೋಟೀನ್). ನಾನು ನುಂಗುವ ಪ್ರತಿ ಮಾತ್ರೆಯ ಹೆಸರು ಬರೆದುಕೊಂಡರು. ಸ್ಟೀರಾಯ್ಡ್, ಇನ್ಸುಲಿನ್, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ತಾವಾಗೇ ತೂಕ ಏರಿಸುತ್ತವೆ. ಒಂದು ಮಾತ್ರೆ ಬದಲಾಯಿಸಿದರೆ ಸಾಕಾಗುವ ಕಡೆ ಹೊಟ್ಟೆ ಕೊಯ್ಯುವುದು ಯಾಕೆ? ಕೊನೆಗೆ ಎರಡು ವಾರ ತಿಂದದ್ದೆಲ್ಲ ಬರೆದುಕೊಂಡು ಬನ್ನಿ ಅಂದರು.

ನನ್ನ ಕಣ್ಣು ತೆರೆಸಿದ್ದು ಎಂಡೋಸ್ಕೋಪಿಗಿಂತ ಆ ಎರಡು ವಾರದ ಚೀಟಿ. ಮೂರು ಹೊತ್ತಿನ ಊಟ ನೋಡಿದರೆ ಮಗುವಿನ ಊಟ. ನಡುವೆ ಇದ್ದದ್ದು ಬಾಯಾಡಿಸುವುದು: ಟೀ ಜೊತೆ ಬಿಸ್ಕತ್ತು, ಕಂಪ್ಯೂಟರ್ ಮುಂದೆ ಚಿಪ್ಸ್, ರಾತ್ರಿ ಎರಡು ಚಮಚ ಐಸ್‌ಕ್ರೀಮ್. ಗಟ್ಟಿ ಪದಾರ್ಥ ಸ್ಲೀವ್‌ನಲ್ಲಿ ನಿಲ್ಲುತ್ತದೆ, ಹೊಟ್ಟೆ ತುಂಬಿತು ಅನ್ನಿಸುತ್ತದೆ. ಬಾಯಲ್ಲಿ ಕರಗುವಂಥದ್ದು ನಿಲ್ಲದೆ ಜಾರಿಕೊಂಡು ಹೋಗುತ್ತದೆ. ಡಯಟಿಷಿಯನ್ ಒಂದು ದಿನ ಮೊಟ್ಟೆಯಂಥ ಗಟ್ಟಿ ಪ್ರೋಟೀನ್ ಮಾತ್ರ, ನೀರಿಲ್ಲದೆ, ನಿಧಾನವಾಗಿ ತಿನ್ನಲು ಹೇಳಿದರು. ಒಂದೂವರೆ ಮೊಟ್ಟೆಗೆ ನಿಂತುಬಿಟ್ಟೆ. ‘ನಿಮ್ಮ ಸ್ಲೀವ್ ಕೆಲಸ ಮಾಡುತ್ತಿದೆ, ನೀವು ಅದನ್ನು ತಪ್ಪಿಸಿಕೊಂಡು ಹೋಗುತ್ತಿದ್ದೀರಿ’ ಅಂದರು. ಇದು ವೈದ್ಯಕೀಯ ಪರೀಕ್ಷೆಯಲ್ಲ, ಮನೆಯಲ್ಲೇ ಮಾಡಿ ತೀರ್ಪು ಕೊಟ್ಟುಕೊಳ್ಳಬೇಡಿ. ಆದರೆ ಒಂದು ಮಾತು ತಲೆಗೆ ಹೋಯಿತು: ಬಾಯಾಡಿಸುವುದನ್ನು ಬೈಪಾಸ್ ಕೂಡ ನಿಲ್ಲಿಸುವುದಿಲ್ಲ. ಒತ್ತಡ ಬಂದಾಗ ತಡೆಯಲಾಗದೆ ತಿನ್ನುವ ಅಭ್ಯಾಸ ನಿಮಗಿದ್ದರೆ ಅದಕ್ಕೆ ಬೇರೆ ಚಿಕಿತ್ಸೆ ಇದೆ, ಅದು ಮನಶ್ಶಾಸ್ತ್ರಜ್ಞರ ಕೋಣೆಯಲ್ಲಿ ಸಿಗುತ್ತದೆ.

ಹಾಗಾದರೆ ನಾನ್ಯಾಕೆ ಬೈಪಾಸ್ ಮಾಡಿಸಿಕೊಂಡೆ? ಎದೆಯುರಿಗೆ. ರಾತ್ರಿ ಮಲಗಿದರೆ ಹುಳಿನೀರು ಗಂಟಲಿಗೆ ಬರುತ್ತಿತ್ತು, ಎರಡು ದಿಂಬು ಇಟ್ಟುಕೊಂಡು ಕೂತೇ ನಿದ್ದೆ. ಎಂಡೋಸ್ಕೋಪಿಯಲ್ಲಿ ಅನ್ನನಾಳ ಕೆಂಪಗೆ ಹುಣ್ಣಾಗಿತ್ತು, ಜೊತೆಗೆ ಸಣ್ಣದೊಂದು ಹಯೇಟಸ್ ಹರ್ನಿಯಾ, ಅಂದರೆ ಜಠರದ ಮೇಲ್ತುದಿ ಎದೆಗೂಡಿನೊಳಗೆ ಜಾರಿರುವುದು. ಸ್ಲೀವ್ ಆದವರಲ್ಲಿ ಇಂಥ ಎದೆಯುರಿ ಅಪರೂಪವಲ್ಲ, ವರ್ಷಗಟ್ಟಲೆ ಬಿಟ್ಟರೆ ಅನ್ನನಾಳದ ಒಳಪದರವೇ ಬದಲಾಗುವ ಅಪಾಯವಿದೆ. ಇದಕ್ಕೆ ಸ್ಲೀವ್‌ನಿಂದ ಬೈಪಾಸ್‌ಗೆ ಹೋಗುವುದು ಒಪ್ಪಿತ ದಾರಿ. ಸರ್ಜನ್ ಮೊದಲೇ ನೇರವಾಗಿ ಹೇಳಿಬಿಟ್ಟರು: ‘ಎದೆಯುರಿಗೆ ಮಾಡುತ್ತಿದ್ದೇನೆ. ತೂಕ ಇಳಿದರೆ ಲಾಭ ಅಂದುಕೊಳ್ಳಿ. ಮೊದಲ ಸಲದ ಹಾಗೆ ಇಳಿಯುತ್ತೆ ಅಂತ ಕಾಯಬೇಡಿ.’ ಅವರು ಹೇಳಿದ ಹಾಗೇ ಆಯಿತು. ಎದೆಯುರಿ ಹೋಯಿತು. ತೂಕ 97ರಿಂದ 85, ಮೂರು ವರ್ಷದ ನಂತರ ಇವತ್ತು 88. ನಿಮಗೆ ಎದೆಯುರಿ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ ನಿಮ್ಮ ಸರ್ಜನ್ ಮಾತಿಗೆ ತೂಕ ಬರುತ್ತದೆ. ಇಲ್ಲದಿದ್ದರೆ ಬೈಪಾಸೇ ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ.

ಯಾಕೆಂದರೆ ಬೇರೆ ದಾರಿಗಳೂ ಇವೆ. ತೂಕ ಇಳಿಸುವುದೊಂದೇ ಗುರಿಯಾದರೆ ಕರುಳಿನ ಹೆಚ್ಚು ಭಾಗವನ್ನು ತಪ್ಪಿಸಿ ಊಟವನ್ನು ಕೆಳಕ್ಕೆ ಕಳಿಸುವ ಡ್ಯುಯೋಡಿನಲ್ ಸ್ವಿಚ್, ಅದರ ಸರಳ ರೂಪವಾದ ಸಾಡಿ ಇವು ಬೈಪಾಸ್‌ಗಿಂತ ಹೆಚ್ಚು ಇಳಿಸುತ್ತವೆ. ಅದಕ್ಕೆ ತಕ್ಕ ಬೆಲೆಯೂ ಇದೆ: ಸಡಿಲ ಭೇದಿ, ಎ, ಡಿ, ಇ, ಕೆ ವಿಟಮಿನ್‌ಗಳ ಕೊರತೆ, ಪ್ರೋಟೀನ್ ಕೊರತೆ. ಮಾತ್ರೆ ನುಂಗುವುದನ್ನು ಮರೆಯುವ ಸ್ವಭಾವದವರಿಗೆ ಅದು ಖಂಡಿತ ಬೇಡ. ಹಿಗ್ಗಿದ ಸ್ಲೀವನ್ನು ಮತ್ತೆ ಕತ್ತರಿಸಿ ಚಿಕ್ಕದು ಮಾಡುವುದೂ ಉಂಟು, ಆದರೆ ಎದೆಯುರಿ ಇದ್ದವರಿಗೆ ಅದು ಬಾಣಲೆಯಿಂದ ಬೆಂಕಿಗೆ.

ಆಮೇಲೆ ಇಂಜೆಕ್ಷನ್. ನನ್ನ ಮೊದಲ ಆಪರೇಷನ್ ಕಾಲಕ್ಕೆ ವಾರಕ್ಕೊಂದು ಸಲ ಚುಚ್ಚಿಕೊಳ್ಳುವ ಈಗಿನ ತೂಕದ ಔಷಧಗಳು ಇರಲಿಲ್ಲ. ತೂಕಕ್ಕೆಂದೇ ಸೆಮಾಗ್ಲುಟೈಡ್‌ಗೆ ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು, ಟಿರ್ಜೆಪಟೈಡ್‌ಗೆ 2023ರಲ್ಲಿ. ದೊಡ್ಡ ಪ್ರಯೋಗಗಳಲ್ಲಿ ಮೊದಲನೆಯದು 68 ವಾರದಲ್ಲಿ ಸರಾಸರಿ ಸುಮಾರು ಶೇ. 15, ಎರಡನೆಯದು ಅತಿ ಹೆಚ್ಚಿನ ಡೋಸ್‌ನಲ್ಲಿ 72 ವಾರಕ್ಕೆ ಸುಮಾರು ಶೇ. 21 ತೂಕ ಇಳಿಸಿದೆ. ಅವು ಆಪರೇಷನ್ ಆಗದವರ ಮೇಲೆ ಮಾಡಿದ ಪ್ರಯೋಗಗಳು, ಆದರೂ ಆಪರೇಷನ್ ಆಗಿ ತೂಕ ವಾಪಸ್ ಬಂದವರಿಗೂ ಡಾಕ್ಟರುಗಳು ಈಗ ಕೊಡುತ್ತಿದ್ದಾರೆ. ಅಂಗರಚನೆಯಲ್ಲಿ ದೋಷವಿಲ್ಲ, ಹಸಿವೇ ಸಮಸ್ಯೆ ಅನ್ನುವವರು ಕತ್ತಿಗೆ ಮುಂಚೆ ಇದನ್ನು ವಿಚಾರಿಸಬೇಕು ಅನ್ನೋದು ನನ್ನ ಅಭಿಪ್ರಾಯ. ಆದರೆ ಇಂಜೆಕ್ಷನ್ ಬಿಟ್ಟರೆ ತೂಕ ವಾಪಸ್. ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಇಳಿದದ್ದರ ಮೂರರಲ್ಲಿ ಎರಡು ಪಾಲು ಒಂದೇ ವರ್ಷದಲ್ಲಿ ಮರಳಿ ಬಂದಿತ್ತು. ಹಾಗಾಗಿ ವರ್ಷಾನುಗಟ್ಟಲೆಯ ಖರ್ಚಿನ ಲೆಕ್ಕ ಹಾಕಿಯೇ ಇಳಿಯಿರಿ. ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ನಿಮಗೋ ಮನೆತನದಲ್ಲೋ ಇದ್ದಿದ್ದರೆ ಇದು ಬೇಡ. ಬಳಸುತ್ತಿರುವಾಗ ಯಾವ ಆಪರೇಷನ್ ಇದ್ದರೂ ಅರಿವಳಿಕೆ ಡಾಕ್ಟರಿಗೆ ಮುಂಚೆಯೇ ಹೇಳಬೇಕು, ಯಾಕೆಂದರೆ ಈ ಔಷಧದಿಂದ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ.

ಎರಡನೇ ಆಪರೇಷನ್ ಮೊದಲನೆಯದರ ಹಾಗಿರುವುದಿಲ್ಲ. ಒಳಗೆ ಎಲ್ಲ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ನನ್ನದರಲ್ಲಿ ಯಕೃತ್ತು ಹಳೆಯ ಹೊಲಿಗೆಗೆ ಅಂಟಿತ್ತಂತೆ, ಬಿಡಿಸುವುದಕ್ಕೇ ಒಂದು ಗಂಟೆ ಹಿಡಿಯಿತು. ಹೊಲಿಗೆ ಹಾಕಿದ ಜಾಗದಿಂದ ಸೋರಿಕೆ, ರಕ್ತಸ್ರಾವ, ಇವುಗಳ ಅಪಾಯ ಮೊದಲ ಸಲಕ್ಕಿಂತ ಹೆಚ್ಚು. ಅದಕ್ಕೇ ಸರ್ಜನ್ ಹತ್ತಿರ ‘ಇಂಥ ಎರಡನೇ ಆಪರೇಷನ್ ವರ್ಷಕ್ಕೆ ಎಷ್ಟು ಮಾಡುತ್ತೀರಿ, ಅದರಲ್ಲಿ ಸೋರಿಕೆ ಎಷ್ಟು ಜನರಿಗಾಯಿತು’ ಅಂತ ಮುಲಾಜಿಲ್ಲದೆ ಕೇಳಿ. ಸಿಟ್ಟಾದರೆ ಬೇರೆಯವರನ್ನು ನೋಡಿ. ಬೈಪಾಸ್ ಆದ ಮೇಲೆ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ನುಂಗುವ ಹಾಗಿಲ್ಲ, ಸಿಗರೇಟ್ ಅಂತೂ ಇಲ್ಲವೇ ಇಲ್ಲ, ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ. ಕುಡಿಯುವ ಅಭ್ಯಾಸವಿದ್ದರೆ ಮುಚ್ಚಿಡದೆ ಹೇಳಿ. ಬೈಪಾಸ್ ಆದವರಿಗೆ ಮದ್ಯ ಬೇಗ ಏರುತ್ತದೆ, ಚಟವಾಗುವ ಸಾಧ್ಯತೆಯೂ ಹೆಚ್ಚು. ನನಗೆ ಈಗ ಬಿ12 ಇಂಜೆಕ್ಷನ್, ಐರನ್, ಕ್ಯಾಲ್ಸಿಯಂ ಜೀವನಪರ್ಯಂತ. ಸಿಹಿ ಜಾಸ್ತಿ ತಿಂದರೆ ಅರ್ಧ ಗಂಟೆಯಲ್ಲಿ ಬೆವರು, ಎದೆಬಡಿತ, ಮಲಗಲೇಬೇಕು.

ಮನೆಯವರ ಮಾತಿನ ಬಗ್ಗೆ ಕೇಳಿದ್ದೀರಿ. ವಾದ ಮಾಡಿ ಗೆದ್ದವರನ್ನು ನಾನು ನೋಡಿಲ್ಲ. ನಾನು ಡಯಟಿಷಿಯನ್ ಹತ್ತಿರ ಹೋಗುವಾಗ ಅಕ್ಕನನ್ನು ಕರೆದುಕೊಂಡು ಹೋದೆ, ನಾನು ಬಾಯಿ ಬಿಡಲಿಲ್ಲ, ಅವರೇ ಅವಳಿಗೆ ಎಲ್ಲ ಬಿಡಿಸಿ ಹೇಳಿದರು. ಅಂದಿನಿಂದ ‘ಬಾಯಿ ಕಟ್ಟು’ ಅನ್ನೋದು ನಿಂತಿತು. ಈಗ ದಿನಾ ಸಂಜೆ ಫೋನ್ ಮಾಡಿ ‘ಐರನ್ ಮಾತ್ರೆ ನುಂಗಿದ್ಯಾ’ ಅಂತ ಕೇಳುತ್ತಾಳೆ. ಅದೂ ಕಿರಿಕಿರಿಯೇ, ಆದರೆ ಅವಳು ಕೇಳದ ದಿನ ನಾನು ಮರೆತಿರುತ್ತೇನೆ.